ತ್ಯಾಗರಾಜರಿಗೆ ಹುಟ್ಟುಹಬ್ಬ ಯಾಕಿಲ್ಲ?

ಓದುಗರ ಪ್ರಶ್ನೆ: ಪ್ರತಿ ವರ್ಷ ನಮ್ಮ ಬಡಾವಣೆಯಲ್ಲಿ ತ್ಯಾಗರಾಜರ ಆರಾಧನೆ ನಡೆಯುತ್ತದೆ. ಅದು ಅವರು ತೀರಿಕೊಂಡ ದಿನ ಅಂತ ಈಗಷ್ಟೇ ಗೊತ್ತಾಯಿತು. ಸತ್ತ ದಿನವನ್ನು ಯಾರಾದರೂ ಹಬ್ಬದ ಹಾಗೆ ಮಾಡುತ್ತಾರಾ? ಹುಟ್ಟಿದ ದಿನ ಯಾಕೆ ಮಾಡುವುದಿಲ್ಲ? ಅದೂ ಒಂದು ವರ್ಷ ಜನವರಿ ಮೊದಲ ವಾರ, ಇನ್ನೊಂದು ವರ್ಷ ಕೊನೇ ವಾರ. ಇದೇನು ಲೆಕ್ಕ?

ಉತ್ತರ: ಸಂಕ್ರಾಂತಿ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆಯನ್ನು ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಕರ್ನಾಟಕ ಸಂಗೀತದ ದೊಡ್ಡ ವಾಗ್ಗೇಯಕಾರ ತ್ಯಾಗರಾಜರು ಸಾಯುವ ಮುಂಚೆ ಸನ್ಯಾಸ ತೆಗೆದುಕೊಂಡಿದ್ದರು. ಸನ್ಯಾಸಿಗೆ ಶ್ರಾದ್ಧ ಮಾಡುವುದಿಲ್ಲ, ಆರಾಧನೆ ಮಾಡುತ್ತಾರೆ. ತಾರೀಕು ಓಡಾಡುವುದು ಯಾಕೆಂದರೆ ಆ ದಿನವನ್ನು ಪಂಚಾಂಗ ನೋಡಿ ಹಿಡಿಯುತ್ತಾರೆ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಮುಂದಿನ ಕತೆಯಲ್ಲಿ ಒಂದು ದೊಡ್ಡ ಜಗಳ ಇದೆ, ನಂಜನಗೂಡಿನ ಒಬ್ಬ ಹೆಂಗಸು ಇದ್ದಾರೆ. ಅದನ್ನು ಬಿಟ್ಟರೆ ಉತ್ತರ ಅರ್ಧವೇ.

ಆರಾಧನೆ ಅನ್ನುವ ಮಾತು ನಮಗೇನೂ ಹೊಸದಲ್ಲ. ಮಂತ್ರಾಲಯಕ್ಕೆ ಹೋಗಿಬಂದವರಿಗೆಲ್ಲ ಗೊತ್ತು. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನ ಪ್ರವೇಶ ಮಾಡಿದ್ದು ಶ್ರಾವಣ ಬಹುಳ ಬಿದಿಗೆ. ಆ ತಿಥಿಗೆ ಇವತ್ತಿಗೂ ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆ ಅಂತ ಮೂರು ದಿನ ಊರಿಗೆ ಊರೇ ಸಂಭ್ರಮಪಡುತ್ತದೆ. ಅಲ್ಲಿ ಯಾರೂ ಅಳುವುದಿಲ್ಲ, ಅಲ್ವಾ? ಸನ್ಯಾಸ ತೆಗೆದುಕೊಳ್ಳುವಾಗಲೇ ಆತ ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಂಡಿರುತ್ತಾನೆ. ಹಾಗಾಗಿ ಮನೆಯವರ ಲೆಕ್ಕದಲ್ಲಿ ಸಾವು, ಸೂತಕ ಎಲ್ಲ ಅವತ್ತೇ ಮುಗಿದಿರುತ್ತದೆ. ದೇಹ ಬಿಟ್ಟ ಮೇಲೆ ಸುಡುವುದಿಲ್ಲ, ಸಮಾಧಿ ಮಾಡುತ್ತಾರೆ. ಹೋಗಿ ಕೈಮುಗಿಯಲು ಒಂದು ಜಾಗ ಉಳಿಯುತ್ತದೆ.

ತ್ಯಾಗರಾಜರದ್ದೂ ಹೀಗೇ. ತನ್ನನ್ನು ಹತ್ತು ದಿನದಲ್ಲಿ ಕರೆದುಕೊಳ್ಳುವುದಾಗಿ ರಾಮ ಮಾತು ಕೊಟ್ಟ ಅಂತ ಅವರು ಸಹಾನ ರಾಗದ 'ಗಿರಿಪೈ ನೆಲಕೊನ್ನ' ಕೃತಿಯಲ್ಲಿ ಹಾಡಿದರು, ಆಮೇಲೆ ಸನ್ಯಾಸ ತೆಗೆದುಕೊಂಡರು ಎಂದು ಶಿಷ್ಯಪರಂಪರೆ ಹೇಳುತ್ತದೆ. ತೀರಿಕೊಂಡದ್ದು 1847ರ ಜನವರಿ 6, ಪುಷ್ಯ ಬಹುಳ ಪಂಚಮಿ. ತಂಜಾವೂರಿನ ಹತ್ತಿರದ ತಿರುವಯ್ಯಾರಿನಲ್ಲಿ, ಕಾವೇರಿ ದಂಡೆಯಲ್ಲಿ ಸಮಾಧಿ ಆಯಿತು.

ಇನ್ನು ಹುಟ್ಟಿದ ದಿನ. ಅವರು ಹುಟ್ಟಿದ್ದು ತಿರುವಾರೂರಿನಲ್ಲಿ, 1767ರ ಮೇ 4ರಂದು ಅಂತ ಹೆಚ್ಚಿನವರು ಹೇಳುತ್ತಾರೆ. 1759 ಅನ್ನುವವರೂ ಇದ್ದಾರೆ. ಸಂಗೀತದ ತ್ರಿಮೂರ್ತಿಗಳಲ್ಲಿ ಉಳಿದಿಬ್ಬರಾದ ಮುದ್ದುಸ್ವಾಮಿ ದೀಕ್ಷಿತರು, ಶ್ಯಾಮಾ ಶಾಸ್ತ್ರಿಗಳು ಹುಟ್ಟಿದ್ದೂ ಅದೇ ಊರು. ಮೂವರ ಜಯಂತಿಯನ್ನೂ ಅಲ್ಲಿ ಮಾಡುತ್ತಾರೆ. ಹುಟ್ಟುಹಬ್ಬ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅದು ಊರಾಚೆ ಬೆಳೆಯಲಿಲ್ಲ, ಅಷ್ಟೇ. ನಮ್ಮಲ್ಲೇ ನೋಡಿ, ಪುರಂದರದಾಸರಿಗೆ ಆರಾಧನೆ, ಕನಕದಾಸರಿಗೆ ಜಯಂತಿ. ಯಾವುದು ಹಬ್ಬವಾಗಿ ನಿಲ್ಲುತ್ತದೆ ಅನ್ನುವುದಕ್ಕೆ ಒಂದೇ ನಿಯಮ ಇಲ್ಲ. ಯಾರೋ ಮೈಮೇಲೆ ಹಾಕಿಕೊಂಡು ಮಾಡಬೇಕು, ಮಾಡಲು ಒಂದು ಜಾಗ ಬೇಕು.

ತ್ಯಾಗರಾಜರ ವಿಷಯದಲ್ಲಿ ಈ ಎರಡೂ ಕೈತಪ್ಪಿ ಹೋಗುವುದರಲ್ಲಿತ್ತು. ಅವರಿಗೆ ಇದ್ದದ್ದು ಒಬ್ಬಳೇ ಮಗಳು, ಸೀತಾಲಕ್ಷ್ಮಿ. ಅವಳ ಮಗನಿಗೆ ಮಕ್ಕಳಾಗಲಿಲ್ಲ. ವಂಶ ಅಲ್ಲಿಗೇ ನಿಂತಿತು. ಪಂಚಮಿಯ ದಿನ ಶಿಷ್ಯರು ಅವರವರ ಮನೆಯಲ್ಲಿ ಪೂಜೆ ಮಾಡಿ, ಹಾಡಿ, ನಾಲ್ಕು ಜನಕ್ಕೆ ಊಟ ಹಾಕುತ್ತಿದ್ದರು. ತಿರುವಯ್ಯಾರಿನ ಸಮಾಧಿಯ ಸುತ್ತ ಗಿಡಗಂಟಿ ಬೆಳೆಯಿತು. 1903ರಲ್ಲಿ ಉಮಯಾಳ್ಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಅಲ್ಲಿಗೆ ಬಂದರು. ಇಬ್ಬರೂ ಹುಡುಗರಾಗಿದ್ದಾಗ ತ್ಯಾಗರಾಜರ ಹತ್ತಿರವೇ ಕಲಿತವರು. ಈಗ ಹಣ್ಣು ಹಣ್ಣು ಮುದುಕರು. ಅವರೇ ಜಾಗ ಗುರುತಿಸಿ, ದುರಸ್ತಿ ಮಾಡಿಸಿದರು.

ಅದಾಗಿ ನಾಲ್ಕೈದು ವರ್ಷಕ್ಕೆ ತಿಲ್ಲೈಸ್ಥಾನದ ನರಸಿಂಹ ಭಾಗವತರು, ಅವರ ತಮ್ಮ ಪಂಜು ಭಾಗವತರು ಸೇರಿ ಸಮಾಧಿಯ ಹತ್ತಿರವೇ ಆರಾಧನೆ ಶುರು ಮಾಡಿದರು. ವಿದ್ವಾಂಸರು ಬರತೊಡಗಿದರು. ಜನ ಸೇರಿದರು. ಜನ ಸೇರಿದ ಮೇಲೆ ಏನಾಗಬೇಕೋ ಅದೇ ಆಯಿತು, ಜಗಳ. ಅಣ್ಣನದ್ದು ಒಂದು ಗುಂಪು, ತಮ್ಮನದ್ದು ಇನ್ನೊಂದು. ತಮಿಳಿನಲ್ಲಿ ಪೆರಿಯ ಕಟ್ಚಿ, ಚಿನ್ನ ಕಟ್ಚಿ. ಅಂದರೆ ದೊಡ್ಡ ಪಕ್ಷ, ಚಿಕ್ಕ ಪಕ್ಷ. ಒಬ್ಬರೇ ಗುರುವಿಗೆ ಎರಡೆರಡು ಆರಾಧನೆ! ಇಷ್ಟೆಲ್ಲ ಹಟದ ನಡುವೆ ಎರಡೂ ಪಕ್ಷ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದ ಇದ್ದವು. ಹೆಂಗಸರು ಅಲ್ಲಿ ಹಾಡುವಂತಿಲ್ಲ.

ಈಗ ನಂಜನಗೂಡಿಗೆ ಬರೋಣ. ನಾಗರತ್ನಮ್ಮ ಹುಟ್ಟಿದ್ದು ಅಲ್ಲಿ, 1878ರಲ್ಲಿ. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು. ಹುಡುಗಿ ಮೈಸೂರಿನಲ್ಲಿ ಸಂಸ್ಕೃತ, ಸಂಗೀತ, ನೃತ್ಯ ಕಲಿತಳು, ಅರಮನೆಯಲ್ಲಿ ಹಾಡಿದಳು. ಆಮೇಲೆ ಬೆಂಗಳೂರು, ಅಲ್ಲಿಂದ ಮದ್ರಾಸು. ಹೆಸರಿಗೆ 'ಬೆಂಗಳೂರು' ಅಂಟಿಕೊಂಡಿತು. ಮದ್ರಾಸಿನಲ್ಲಿ ಕಚೇರಿ ಮೇಲೆ ಕಚೇರಿ, ಕೈತುಂಬ ದುಡ್ಡು. ತುಂಬಾ ಗಟ್ಟಿ ಹೆಂಗಸು. ಮುದ್ದುಪಳನಿ ಅನ್ನುವ ಕವಯಿತ್ರಿಯ ತೆಲುಗು ಶೃಂಗಾರ ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು 1910ರಲ್ಲಿ ತಾವೇ ಪರಿಷ್ಕರಿಸಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರಕಾರ ಅಶ್ಲೀಲ ಅಂತ ಹೇಳಿ ಅದನ್ನು ನಿಷೇಧಿಸಿತು. ಅವರು ಹೆದರಲಿಲ್ಲ.

1921ರಲ್ಲಿ ಅವರಿಗೆ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ಒಂದು ಕಾಗದ ಬಂತು. ಪಿಟೀಲು ಚೌಡಯ್ಯನವರ ಗುರು ಅಂದರೆ ನಮ್ಮವರಿಗೆ ಬೇಗ ಗೊತ್ತಾಗುತ್ತದೆ. ನಾಗರತ್ನಮ್ಮನಿಗೂ ಅವರು ಗುರುಗಳು. ತಿರುವಯ್ಯಾರಿಗೆ ಹೋಗಿದ್ದ ಕೃಷ್ಣಪ್ಪನವರು ಸಮಾಧಿಯ ಸ್ಥಿತಿ ನೋಡಿ ನೊಂದು ಬರೆದಿದ್ದರು. ಎರಡು ಪಕ್ಷ ಇದ್ದೂ ಜಾಗ ನೋಡಿಕೊಳ್ಳುವವರು ಇರಲಿಲ್ಲ. ವರ್ಷಕ್ಕೊಮ್ಮೆ ಬಂದು ಹಾಡಿ ಹೋಗುತ್ತಿದ್ದರು, ಅಷ್ಟೆ.

ನಾಗರತ್ನಮ್ಮ ಹೋಗಿ ಆ ಜಾಗ ಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಕೆಲಸಕ್ಕೆ ಕೈಹಾಕಿದರು. ಕೂಡಿಟ್ಟ ದುಡ್ಡು, ಒಡವೆ ಎಲ್ಲ ಅದಕ್ಕೇ ಹೋಯಿತು. ಗುಡಿ ಎದ್ದಿತು. ತ್ಯಾಗರಾಜರ ಮೂರ್ತಿ ಬಂತು. 1926ರ ಜನವರಿಯಲ್ಲಿ ಕುಂಭಾಭಿಷೇಕ ಆಯಿತು. ದಿನನಿತ್ಯದ ಪೂಜೆಗೂ ಏರ್ಪಾಡು ಮಾಡಿದರು. ಇಷ್ಟಾದರೂ, ತಾವೇ ಕಟ್ಟಿಸಿದ ಗುಡಿಯ ಮುಂದೆ ಆರಾಧನೆಯ ದಿನ ಅವರು ಹಾಡುವ ಹಾಗಿರಲಿಲ್ಲ. ಎರಡೂ ಪಕ್ಷದವರು ಒಪ್ಪಲಿಲ್ಲ.

ಅವರು ಕೂತು ಅಳಲಿಲ್ಲ. ಹೆಂಗಸರನ್ನು ಕೂಡಿಸಿಕೊಂಡು ಬೇರೆ ಆರಾಧನೆಯನ್ನೇ ಶುರು ಮಾಡಿದರು. ಪೆಣ್ಗಳ್ ಕಟ್ಚಿ, ಹೆಂಗಸರ ಪಕ್ಷ. ದೊಡ್ಡ ಪಕ್ಷ, ಚಿಕ್ಕ ಪಕ್ಷದ ಜೊತೆಗೆ ಇದು ಮೂರನೆಯದು. ಈ ಭಾಗ ಓದುವಾಗಲೆಲ್ಲ ನನಗೆ ನಗು ಬರುತ್ತದೆ, ಜೊತೆಗೇ ಹೊಟ್ಟೆ ಉರಿಯುತ್ತದೆ. ಜಾಗ ಅವರದ್ದು, ದುಡ್ಡು ಅವರದ್ದು, ಹಾಡುವ ಹಕ್ಕು ಮಾತ್ರ ಬೇರೆಯವರದ್ದು.

ಹತ್ತು ವರ್ಷಕ್ಕೂ ಹೆಚ್ಚು ಹೀಗೇ ನಡೆಯಿತು. ಕೊನೆಗೆ 1940ರ ಹೊತ್ತಿಗೆ ಮಾತುಕತೆಯಾಗಿ ಮೂರೂ ಒಂದಾದವು. ಆ ಕಾಲದ ದೊಡ್ಡ ಗಾಯಕರು, ಐಸಿಎಸ್ ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿ ಮುಂತಾದವರು ಇದಕ್ಕೆ ಓಡಾಡಿದರು. 1941ರಿಂದ ಒಂದೇ ಆರಾಧನೆ. ಗಂಡಸರೂ ಹೆಂಗಸರೂ ಹಾಡುವ ಆರಾಧನೆ.

ಈಗ ನಾವು ಟೀವಿಯಲ್ಲಿ ನೋಡುವ ದೃಶ್ಯ ಇದೆಯಲ್ಲ, ನೂರಾರು ಜನ ಎದುರುಬದುರು ಸಾಲಾಗಿ ಕೂತು ಒಟ್ಟಿಗೆ ಪಂಚರತ್ನ, ಅಂದರೆ ತ್ಯಾಗರಾಜರ ಐದು ಹೆಸರಾಂತ ಕೃತಿಗಳನ್ನು ಹಾಡುವುದು, ಅದೂ ಶುರುವಾದದ್ದು ಈ ಪಕ್ಷಗಳು ಒಂದಾದ ಸುಮಾರಿನಲ್ಲೇ. ಸುಮ್ನೆ ನೋಡಿದರೆ ತ್ಯಾಗರಾಜರ ಕಾಲದಿಂದ ಬಂದದ್ದು ಅನ್ನಿಸುತ್ತದೆ. ನೂರು ವರ್ಷವೂ ಆಗಿಲ್ಲ. ಮೊದಲು ಒಬ್ಬೊಬ್ಬರೇ ಬಂದು ತಮಗೆ ಬೇಕಾದ ಕೃತಿ ಹಾಡಿ ಎದ್ದು ಹೋಗುತ್ತಿದ್ದರು. ಯಾರು ಮೊದಲು, ಯಾರು ಆಮೇಲೆ, ಯಾರಿಗೆ ಎಷ್ಟು ಹೊತ್ತು ಅಂತ ಜಗಳಕ್ಕೆ ಅದೇ ಸಾಕಲ್ಲ. ಎಲ್ಲರೂ ಒಟ್ಟಿಗೆ ಹಾಡಿದರೆ ಮೊದಲು ಯಾರು ಅನ್ನುವ ಪ್ರಶ್ನೆಯೇ ಇಲ್ಲ.

ಅದಕ್ಕೆ ಆ ಐದು ಕೃತಿಗಳು ಹೇಳಿ ಮಾಡಿಸಿದ ಹಾಗಿವೆ. ನಾಟ ರಾಗದ 'ಜಗದಾನಂದಕಾರಕ', ಗೌಳದ 'ದುಡುಕು ಗಲ', ಆರಭಿಯ 'ಸಾಧಿಂಚೆನೆ', ವರಾಳಿಯ 'ಕನಕನ ರುಚಿರಾ', ಶ್ರೀ ರಾಗದ 'ಎಂದರೋ ಮಹಾನುಭಾವುಲು'. ಎಲ್ಲ ಆದಿ ತಾಳ. ಮೊದಲನೆಯದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ಚರಣಗಳಲ್ಲಿ ಮೊದಲು ಸ್ವರ, ಆಮೇಲೆ ಅದೇ ಧಾಟಿಗೆ ಸಾಹಿತ್ಯ. ಎಲ್ಲ ಕಟ್ಟಿಟ್ಟದ್ದು, ಒಬ್ಬೊಬ್ಬರು ಒಂದೊಂದು ಸಂಗತಿ (ಒಂದೇ ಸಾಲನ್ನು ಬದಲಿಸಿ ಹಾಡುವ ಬಗೆ) ಹಾಕಿಕೊಂಡು ದಾರಿ ತಪ್ಪುವ ಭಯ ಕಡಿಮೆ. ಆದರೂ ವರಾಳಿ ಬಂದಾಗ ಸದ್ದು ಸ್ವಲ್ಪ ತಗ್ಗುತ್ತದೆ, ಗಮನಿಸಿ. ವರಾಳಿ ಹೇಳಿಕೊಟ್ಟರೆ ಗುರುಶಿಷ್ಯರ ನಡುವೆ ಮುರಿದು ಬೀಳುತ್ತದೆ ಅನ್ನುವ ನಂಬಿಕೆಯಿಂದ ಹಲವರಿಗೆ ಅದು ನೇರ ಪಾಠ ಆಗಿರುವುದಿಲ್ಲ. ಕೇಳಿ ಕಲಿತಿರುತ್ತಾರೆ. ಇನ್ನು ಶ್ರುತಿಯ ಪಾಡು ಕೇಳಬೇಡಿ. ಎಲ್ಲರಿಗೂ ಒಂದೇ ಶ್ರುತಿ ಇಟ್ಟರೆ ಗಂಡಸರು ಮೇಲಕ್ಕೆ ಏಣಿ ಹಾಕಬೇಕು, ಇಲ್ಲವಾದರೆ ಹೆಂಗಸರು ಬಾವಿಗೆ ಇಳಿಯಬೇಕು.

ಸರಿ, ಈಗ ತಾರೀಕಿನ ವಿಷಯ. ತಿಥಿ ಅಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಹಿಡಿಯುವ ಹೊತ್ತು. ಅಂಥ ಮೂವತ್ತು ತಿಥಿ ಸೇರಿದರೆ ಒಂದು ತಿಂಗಳು. ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ನಮ್ಮ ಗೋಡೆಯ ಕ್ಯಾಲೆಂಡರಿಗೆ 365. ಹಾಗಾಗಿ ಪಂಚಮಿ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಬರುತ್ತದೆ. ಹೀಗೇ ಬಿಟ್ಟರೆ ಪುಷ್ಯ ಮಾಸ ಮಳೆಗಾಲಕ್ಕೆ ಬಂದು ಬೀಳುತ್ತದೆ. ಅದಕ್ಕೇ ಎರಡೂವರೆ, ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸುತ್ತಾರೆ. ಆಗ ಅದು ಮುಂದಕ್ಕೆ ಜಿಗಿಯುತ್ತದೆ. 2024ರಲ್ಲಿ ಆರಾಧನೆ ಜನವರಿ 30ಕ್ಕೆ ಇತ್ತು. 2025ರಲ್ಲಿ 18, 2026ರಲ್ಲಿ 7. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ 2027ರಲ್ಲಿ ಮತ್ತೆ ತಿಂಗಳ ಕೊನೇ ವಾರಕ್ಕೆ ಹಾರುತ್ತದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಜನವರಿ 27ರ ಸುಮಾರಿಗೆ ಮೊಜಾರ್ಟ್ ವಾರ ನಡೆಯುತ್ತದೆ. ಆತ ಹುಟ್ಟಿದ್ದು 1756ರ ಆ ದಿನ. ಅವರಿಗೆ ಹುಟ್ಟುಹಬ್ಬ, ನಮಗೆ ಆರಾಧನೆ, ಎರಡೂ ಆ ವರ್ಷ ಒಂದೇ ವಾರದಲ್ಲಿ.

ಚಂದ್ರನ ಲೆಕ್ಕ ಮತ್ತು ಸೂರ್ಯನ ಲೆಕ್ಕ 19 ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. 1847ಕ್ಕೆ ಒಂಬತ್ತು ಸಲ 19 ಸೇರಿಸಿ ನೋಡಿ, 2018 ಬರುತ್ತದೆ. ಆ ವರ್ಷ ಆರಾಧನೆ ಬಂದದ್ದು ಸರಿಯಾಗಿ ಜನವರಿ 6ಕ್ಕೇ.

ಇದೆಲ್ಲ ತಿರುವಯ್ಯಾರಿನ ಲೆಕ್ಕ. ಬೇರೆ ಕಡೆ ಇಷ್ಟು ಕಟ್ಟುನಿಟ್ಟು ಇಲ್ಲ. ಬೆಂಗಳೂರು, ಮೈಸೂರಿನ ಎಷ್ಟೋ ಬಡಾವಣೆಗಳಲ್ಲಿ ಭಾನುವಾರ ನೋಡಿ ಇಟ್ಟುಕೊಳ್ಳುತ್ತಾರೆ. ಎಲ್ಲರಿಗೂ ರಜೆ ಬೇಕಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ನಡೆಯುವ ದೊಡ್ಡ ಆರಾಧನೆ ಈಸ್ಟರ್ ಸುಮಾರಿಗೆ ಬರುತ್ತದೆ. ಅಲ್ಲಿನ ಜನವರಿಯ ಹಿಮದಲ್ಲಿ ಪಂಚಮಿ ಹಿಡಿಯುತ್ತೇನೆ ಅಂದರೆ ಶ್ರೋತೃಗಳು ಸಿಗಬೇಕಲ್ಲ. ತಮಾಷೆ ಅಂದರೆ ಈಸ್ಟರ್ ಕೂಡ ಹುಣ್ಣಿಮೆ ನೋಡಿಯೇ ಗೊತ್ತುಮಾಡುವ ಹಬ್ಬ. ಪುಷ್ಯದ ಚಂದ್ರನನ್ನು ಬಿಟ್ಟು ವಸಂತದ ಚಂದ್ರನನ್ನು ಹಿಡಿದ ಹಾಗಾಯಿತು.

ಬಹುಳ ಪಂಚಮಿಯಿಂದ ಹತ್ತು ತಿಥಿ ಮುಂದೆ ಹೋದರೆ ಅದೇ ಪುಷ್ಯದ ಅಮಾವಾಸ್ಯೆ. ಅದು ಪುರಂದರದಾಸರ ಆರಾಧನೆ. ಅವರು ತೀರಿಕೊಂಡದ್ದು 1564ರಲ್ಲಿ. ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನದ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿ ಅವರ ಹೆಸರಿನ ಮಂಟಪ ಇದೆ. ನಮ್ಮ ಕಡೆಯ ಎಷ್ಟೋ ಸಭೆಗಳು ಎರಡನ್ನೂ ಸೇರಿಸಿ 'ಪುರಂದರ ತ್ಯಾಗರಾಜ ಆರಾಧನೆ' ಅಂತ ಒಂದೇ ಕರಪತ್ರ ಹಾಕಿಸುವುದು ಇದಕ್ಕೇ. ದೀಕ್ಷಿತರದ್ದು ನರಕ ಚತುರ್ದಶಿ, 1835ರಲ್ಲಿ. ಎಲ್ಲರೂ ಎಣ್ಣೆಸ್ನಾನ, ಪಟಾಕಿ ಅಂತ ಇರುವಾಗ ಬರುತ್ತದೆ. ಪಾಪ, ಅವರ ಆರಾಧನೆಗೆ ಜನ ಕಡಿಮೆ.

ನಾಗರತ್ನಮ್ಮ 1952ರ ಮೇ 19ರಂದು ತಿರುವಯ್ಯಾರಿನಲ್ಲೇ ತೀರಿಕೊಂಡರು. ಅವರ ಸಮಾಧಿ ಇರುವುದೂ ಅಲ್ಲೇ, ತ್ಯಾಗರಾಜರ ಗುಡಿಯ ಎದುರಿಗೆ. ಅವರ ಒಂದು ವಿಗ್ರಹವೂ ಇದೆ, ಗುಡಿಯ ಕಡೆಗೆ ಮುಖ ಮಾಡಿ ಕೂತಿದೆ. ಮುಂದಿನ ಸಲ ಟೀವಿಯಲ್ಲಿ ಪಂಚರತ್ನ ನೋಡುವಾಗ ಎಲ್ಲಾದರೂ ಕ್ಯಾಮೆರಾ ಆ ಕಡೆ ತಿರುಗುತ್ತದೆಯೇನೋ ನೋಡಿ. 2027ರದ್ದು ತ್ಯಾಗರಾಜರ 180ನೆಯ ಆರಾಧನೆ. ತ್ಯಾಗರಾಜರು ತೀರಿಕೊಂಡ ಪರಾಭವ ಸಂವತ್ಸರವೇ ಅರವತ್ತು ವರ್ಷದ ಮೂರು ಸುತ್ತು ಮುಗಿಸಿ ಆ ವರ್ಷ ವಾಪಸ್ ಬಂದಿರುತ್ತದೆ.