ಕೊಡಪಾನದ ಕತ್ತು, ತೋಟೆಯ ಕತ್ತು

ಉಡುಪಿಯ ನಮ್ಮ ಹಳೇ ಮನೆಯಲ್ಲಿ ಒಂದು ಹಿತ್ತಾಳೆ ಕೊಡಪಾನ ಇತ್ತು. ಬಾವಿಗೆ ಪಂಪ್ ಹಾಕಿಸಿದ ಮೇಲೆ ಯಾರಿಗೂ ಬೇಡವಾಗಿ ಹಟ್ಟಿಯ ಮೂಲೆ ಸೇರಿ, ದನಗಳ ಪಕ್ಕ ನಾಲ್ಕೈದು ಮಳೆಗಾಲ ಅಲ್ಲೇ ಕೂತಿತ್ತು. ಒಂದು ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ತೆಗೆದು ನೋಡಿದ್ರೆ ಕತ್ತಿನಿಂದ ಭುಜದವರೆಗೆ ಉದ್ದಕ್ಕೆ ಸೀಳು. ಯಾರೂ ಬೀಳಿಸಿದ್ದಿಲ್ಲ, ಮುಟ್ಟಿದ್ದೂ ಇಲ್ಲ. ಅಜ್ಜಿ ಒಂದೇ ಮಾತಲ್ಲಿ ಮುಗಿಸಿದ್ರು, ದೃಷ್ಟಿ ಅಂತ. ಪಕ್ಕದ ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸಿ ನೋಡಿ ಅಂದ್ರು.

ನನಗೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಅಮೆರಿಕದ ಮೊಂಟಾನಾದಲ್ಲಿ, ಭಾವನ ಗ್ಯಾರೇಜಿನಲ್ಲಿ, ಒಂದು ಬೇಟೆ ರೈಫಲ್ ಪಕ್ಕ.

ಭಾವನ ಹತ್ತಿರ ಇರೋದು ವಿಂಚೆಸ್ಟರ್ ಮಾಡೆಲ್ 71. ಕುದುರೆಯ (ಟ್ರಿಗರ್) ಸುತ್ತ ಇರೋ ಬಳೆಯಂಥ ಲಿವರನ್ನು ಕೆಳಗೆ ತಳ್ಳಿ ಮೇಲೆ ಎಳೆದ್ರೆ ಹಳೇ ತೋಟೆ, ಅಂದ್ರೆ ಮದ್ದು ಗುಂಡು ತುಂಬೋ ಹಿತ್ತಾಳೆ ಚಿಪ್ಪು, ಹೊರಗೆ ಹಾರ್ತದೆ, ಹೊಸದು ಒಳಗೆ ಹೋಗ್ತದೆ. ಜಾನ್ ಬ್ರೌನಿಂಗ್ ಅನ್ನೋ ಮಹಾ ಮೆಕ್ಯಾನಿಕ್ ಮಾಡಿದ 1886ರ ವಿನ್ಯಾಸವನ್ನೇ ಸುಧಾರಿಸಿ 1930ರ ದಶಕದಲ್ಲಿ ತಂದದ್ದು, ಅದಕ್ಕೇ ಅಂತ .348 ವಿಂಚೆಸ್ಟರ್ ಅನ್ನೋ ಹೊಸ ತೋಟೆಯನ್ನೂ ಮಾಡಿದ್ರು, ಗುಂಡಿನ ಅಡ್ಡಳತೆ 8.8 ಮಿಲಿಮೀಟರ್. ಆ ಅಳತೆಯನ್ನು ಬೇರೆಯವರು ಹೆಚ್ಚುಕಮ್ಮಿ ಯಾರೂ ಕೈಗೆತ್ತಿಕೊಳ್ಳಲಿಲ್ಲ, 1950ರ ದಶಕ ಮುಗಿಯೋದ್ರೊಳಗೆ ರೈಫಲ್ಲೂ ನಿಂತೇಹೋಯ್ತು. ಹಾಗಾಗಿ ಅಂಗಡಿಗೆ ಹೋಗಿ .348 ಕೊಡಿ ಅಂದ್ರೆ ಸಿಗೋದು ಅಪರೂಪ, ಸಿಕ್ಕಿದ್ರೆ ರೇಟು ಕೇಳಿ ತಲೆ ತಿರುಗ್ತದೆ. ಭಾವ ಖಾಲಿ ತೋಟೆಗಳನ್ನು ಚಿನ್ನದ ಹಾಗೆ ಹೆಕ್ಕಿ ತಂದು ಮತ್ತೆ ತಾನೇ ತುಂಬಿಸ್ತಾನೆ. ಅಲ್ಲಿ ಅದಕ್ಕೆ ಕಾನೂನು ಅಡ್ಡಿ ಇಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ, 1959ರ ಶಸ್ತ್ರಾಸ್ತ್ರ ಕಾಯ್ದೆ ಎರಡೂ ಉಂಟು, ಸುಳ್ಯ ಬೆಳ್ತಂಗಡಿ ಕಡೆಯ ತೋಟದವರು ಹಂದಿ ಓಡಿಸ್ಲಿಕ್ಕೆ ಇಟ್ಟ ಕೋವಿಯನ್ನೂ ಎಲೆಕ್ಷನ್ ಬಂದಾಗ ಹೆಚ್ಚಾಗಿ ಸ್ಟೇಷನ್ನಿಗೆ ಒಪ್ಪಿಸಿ ಬರ್ಬೇಕಾಗ್ತದೆ, ಹಾಗಾಗಿ ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗಕ್ಕೆ ಇಳಿಯೋದು ಬೇಡ. ನಾನು ಹೇಳ್ಲಿಕ್ಕೆ ಹೊರಟದ್ದು ಹಿತ್ತಾಳೆ ವಿಷಯ.

ಮೊದಲು ಒಂದು ತಕರಾರು. ನಮ್ಮ ಜನ ಇಡೀ ತೋಟೆಗೇ ಗುಂಡು ಅಂತಾರೆ, ಸಿನಿಮಾ ಪೋಸ್ಟರಿನಲ್ಲಂತೂ ಹಿತ್ತಾಳೆ ಚಿಪ್ಪು ಸಮೇತ ಗುಂಡು ಹಾರ್ತಾ ಇರ್ತದೆ! ಹಾರೋದು ತುದಿಯ ತುಂಡು ಮಾತ್ರ ಮಾರಾಯ್ರೆ, ಹಿತ್ತಾಳೆ ಹಿಂದೆಯೇ ಉಳೀತದೆ, ಮತ್ತು ನಿಜವಾದ ಚಮತ್ಕಾರ ಮಾಡೋದು ಹಿಂದೆ ಉಳಿದ ಅದೇ.

ಕಾರಿನ ಟಯರಿಗೆ ಹಾಕೋ ಗಾಳಿ 32 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ. ಲಿವರ್ ರೈಫಲ್ಲುಗಳಲ್ಲಿ ಅತಿ ಹೆಸರುವಾಸಿ .30-30 ತೋಟೆ ಉಂಟಲ್ಲ, ಅದರೊಳಗಿನ ಒತ್ತಡಕ್ಕೆ ಇಟ್ಟ ಮಿತಿ 42,000 ಪಿಎಸ್‌ಐ. ಅಂದ್ರೆ ಸಾವಿರದ ಮುನ್ನೂರು ಪಟ್ಟು, ಅದೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟು ಒತ್ತಡದ ಗ್ಯಾಸ್ ಹಿಂದಕ್ಕೆ ನುಗ್ಗಿದ್ರೆ ಗುರಿ ಇಟ್ಟವನ ಮುಖದ ಗತಿ ಏನು? ತಡೆಯೋದು ಈ ಹಿತ್ತಾಳೆ. ಒತ್ತಡ ಏರಿದ ಕೂಡ್ಲೆ ಅದರ ತೆಳು ಗೋಡೆ ಉಬ್ಬಿ ನಳಿಗೆಯ ಉಕ್ಕಿನ ಗೋಡೆಗೆ ಅಂಟಿ ಸೀಲ್ ಆಗ್ತದೆ, ಕುಕ್ಕರಿನ ಗ್ಯಾಸ್ಕೆಟ್ ಹಾಗೆ. ಒತ್ತಡ ಇಳಿದ ಮರುಗಳಿಗೆ ಒಂಚೂರು ಕುಗ್ಗಿ ಬಿಡಿಸಿಕೊಳ್ತದೆ, ಒದ್ದೆ ಕೈಗೆ ಹಾಕಿದ ಬಳೆ ಸೋಪು ಸವರಿದ್ರೆ ಜಾರಿ ಬಂದ ಹಾಗೆ. ಲಿವರ್ ರೈಫಲ್ಲಿಗೆ ಇದು ಇನ್ನೂ ಮುಖ್ಯ, ಚಿಲಕದಂಥ ಹಿಡಿ ತಿರುಗಿಸೋ ಬೋಲ್ಟ್ ರೈಫಲ್ಲಿನಲ್ಲಿ ಸಿಕ್ಕಿಬಿದ್ದ ತೋಟೆಯನ್ನು ತಿರುಚಿ ಕೀಳ್ಲಿಕ್ಕೆ ಜೋರಾದ ಹತೋಟಿ ಉಂಟು, ಲಿವರಿನಲ್ಲಿ ಅಷ್ಟಿಲ್ಲ. ಹಿತ್ತಾಳೆ ಹಟ ಹಿಡಿದ್ರೆ ಕಥೆ ಮುಗೀತು.

ಉಬ್ಬಬೇಕು, ಆದ್ರೆ ಹರೀಬಾರದು. ಕುಗ್ಗಬೇಕು, ಆದ್ರೆ ಸಿಕ್ಕಿಬೀಳಬಾರದು. ಈ ಎರಡು ದೋಣಿಯ ಮೇಲೆ ಕಾಲಿಡೋ ಲೋಹ 70 ಪಾಲು ತಾಮ್ರ, 30 ಪಾಲು ಸತು.

ಭಾವ ಮೇಜಿನ ಮೇಲೆ ಕೆಲಸ ಮಾಡೋದನ್ನು ಎರಡು ಸಂಜೆ ನೋಡಿದೆ. ಸುಟ್ಟ ಕೇಪು (ಮದ್ದಿಗೆ ಕಿಡಿ ಕೊಡೋ ಬುಡದ ಬಿಲ್ಲೆ) ತೆಗೆದು, ಉಬ್ಬಿದ ತೋಟೆಯನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಉದ್ದ ಬೆಳೆದದ್ದನ್ನು ಕತ್ತರಿಸ್ತಾನೆ. ಮದ್ದನ್ನು ಕಂಪನಿಯವರ ಕೈಪಿಡಿ ತೆರೆದಿಟ್ಟು ಗ್ರೇನ್ ಲೆಕ್ಕದಲ್ಲಿ ತೂಗ್ತಾನೆ, ಒಂದು ಗ್ರೇನ್ ಅಂದ್ರೆ 65 ಮಿಲಿಗ್ರಾಂ ಹತ್ತಿರ. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕ ಹೆಚ್ಚುಕಮ್ಮಿ ಎರಡು ಗ್ರೇನ್, ನನಗೆ ಅದು ನೆನಪಾಗಿ ನಗು ಬಂತು. ಗುಂಡಿನ ಮೂತಿ ಚಪ್ಪಟೆ, ಯಾಕಂದ್ರೆ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಬೆನ್ನಿಗೆ ಇನ್ನೊಂದು ಮೂತಿ ತಾಗಿಸಿ ಸಾಲಾಗಿ ಕೂರ್ತವೆ, ಚೂಪು ಮೂತಿಯಾದ್ರೆ ಒದೆತಕ್ಕೆ ಮುಂದಿನ ಕೇಪಿಗೆ ಚುಚ್ಚೀತು.

ಅಷ್ಟರಲ್ಲಿ ಭಾವ ಒಂದು ತೋಟೆಯನ್ನು ಬೆಳಕಿಗೆ ಹಿಡಿದು, "ಇದು ಹೋಯ್ತು ನೋಡು ಭಾವ" ಅಂದ. ಕತ್ತಿನಲ್ಲಿ ಕೂದಲೆಳೆಯಷ್ಟು ಸೀಳು. ನನಗೆ ಕೂಡ್ಲೆ ಹಟ್ಟಿ ಕಣ್ಣ ಮುಂದೆ ಬಂತು. ಅದೇ ಕತ್ತು, ಅದೇ ಇಳಿಜಾರು ಭುಜ, ಅದೇ ಉದ್ದದ ಸೀಳು. ತೋಟೆಯ ಆ ಭಾಗಗಳಿಗೂ ಕತ್ತು, ಭುಜ ಅಂತಲೇ ಹೆಸರು!

ಯಾಕೆ ಸೀಳ್ತದೆ? ಹಿತ್ತಾಳೆ ತಂತಿಯನ್ನು ಹತ್ತು ಸಲ ಬಗ್ಗಿಸಿ ನೋಡಿ, ಮೊದಲು ಸಲೀಸು, ಆಮೇಲೆ ಗಟ್ಟಿ, ಆಮೇಲೆ ಟಪ್. ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ನಿಂತಿರ್ತವೆ, ಬಗ್ಗಿಸಿದಾಗ ಇಡೀ ಸಾಲು ಒಟ್ಟಿಗೆ ಸರಿಯೋದಿಲ್ಲ. ದೊಡ್ಡ ಜಮಖಾನ ಎಳೀಬೇಕಾದ್ರೆ ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಆಚೆ ತುದಿಗೆ ತಳ್ತೇವಲ್ಲ, ಹಾಗೆ ಸಾಲಿನಲ್ಲಿರೋ ಒಂದು ದೋಷ ಓಡ್ತದೆ. 1934ರಲ್ಲಿ ಟೇಲರ್, ಓರೋವನ್, ಪೊಲಾನಿ ಅಂತ ಮೂರು ಜನ ಬೇರೆಬೇರೆಯಾಗಿ ಇದನ್ನೇ ಹೇಳಿದ್ರು, .348 ಮಾರುಕಟ್ಟೆಗೆ ಬರೋ ಹೊತ್ತಿಗೆ ವಿಜ್ಞಾನಿಗಳಿಗೂ ಇದು ಹೊಸ ಸುದ್ದಿಯೇ. ಪ್ರತಿ ಸಲ ಬಗ್ಗಿಸಿದಾಗಲೂ ಇಂಥ ಸುಕ್ಕುಗಳು ಹೆಚ್ಚಾಗ್ತಾ ಹೋಗಿ ಒಂದಕ್ಕೊಂದು ಅಡ್ಡ ನಿಲ್ತವೆ. ಪರ್ಯಾಯ ಉತ್ಸವದ ದಿನ ಉಡುಪಿಯ ಕಲ್ಸಂಕ ಜಂಕ್ಷನ್ ನೋಡಿದವರಿಗೆ ಬೇರೆ ವಿವರಣೆ ಬೇಡ. ಒಂದು ರಿಕ್ಷಾ, ಎರಡು ಬೈಕು ಇದ್ದಾಗ ಎಲ್ಲ ಸರಾಗ, ನಾಲ್ಕೂ ಕಡೆಯಿಂದ ಬಸ್ಸು ನುಗ್ಗಿದ್ರೆ ಯಾರೂ ಅಲ್ಲಾಡೋ ಹಾಗಿಲ್ಲ. ಅಲ್ಲಾಡ್ಲಿಕ್ಕೆ ಆಗದ ಲೋಹಕ್ಕೇ ಗಟ್ಟಿ ಅನ್ನೋದು, ಗಟ್ಟಿಯಾದದ್ದನ್ನು ಮತ್ತೆ ಉಬ್ಬಿಸಿದ್ರೆ ಸೀಳ್ತದೆ.

ಜಾಮ್ ಬಿಡಿಸ್ಲಿಕ್ಕೆ ದಾರಿ ಬೆಂಕಿ. ಭಾವ ತೋಟೆಯ ಕತ್ತನ್ನು ಕೆಲವೇ ಸೆಕೆಂಡು ಗ್ಯಾಸ್ ಜ್ವಾಲೆಗೆ ಹಿಡೀತಾನೆ, ಪರಮಾಣುಗಳು ಹೊಸದಾಗಿ ಸಾಲು ಕಟ್ಕೊಳ್ತವೆ, ಲೋಹ ಮತ್ತೆ ಮೆದು. ಬುಡ ಮಾತ್ರ ಕಾಯಬಾರದು, ಒತ್ತಡ ಹೊರೋದು ಅದೇ, ಅದು ಮೆದುವಾದ್ರೆ ಅಪಾಯ. ಕೆಲವರು ಬುಡವನ್ನು ನೀರಿನಲ್ಲಿ ನಿಲ್ಲಿಸ್ತಾರೆ. ಇಲ್ಲೂ ಒಂದು ತಪ್ಪು ಕಲ್ಪನೆ ಉಂಟು, ಬಿಸಿ ಹಿತ್ತಾಳೆಯನ್ನು ನೀರಿಗೆ ಅದ್ದಿದ್ರೆ ಗಟ್ಟಿಯಾಗ್ತದೆ ಅಂತ. ಅದು ಕುಲುಮೆಯ ಉಕ್ಕಿನ ಗುಣ, ಹಿತ್ತಾಳೆಗೆ ನೀರು ಬರೀ ಸ್ನಾನ. ಪಾತ್ರೆ ಬಡಿಯೋ ಕಂಚುಗಾರರಿಗೆ ಇದು ಅನುಭವದಿಂದಲೇ ಗೊತ್ತು, ಬಡಿಯೋದು, ಕಾಯಿಸೋದು, ಮತ್ತೆ ಬಡಿಯೋದು.

ಸರಿ, ಭಾವನ ತೋಟೆ ಉಬ್ಬಿ ಕುಗ್ಗಿ ದಣಿದು ಸೀಳಿತು. ನಮ್ಮ ಕೊಡಪಾನ ಸುಮ್ಮನೆ ಕೂತಲ್ಲೇ ಸೀಳಿತಲ್ಲ?

ಅದಕ್ಕೆ ಬ್ರಿಟಿಷರ ಕಾಲಕ್ಕೆ ಹೋಗ್ಬೇಕು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದವರು ತೋಟೆಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ದಾಸ್ತಾನು ಇಟ್ಟಾಗ, ಹಾರಿಸದ ಹೊಸ ತೋಟೆಗಳೇ ತಾವಾಗಿ ಬಿರುಕು ಬಿಡ್ತಾ ಇದ್ದವು. ಮಳೆಗಾಲದ ಕಾಯಿಲೆ ಅಂತ ಅದಕ್ಕೆ ಋತು ಬಿರುಕು ಅನ್ನೋ ಅರ್ಥದ ಹೆಸರೇ ಬಿತ್ತು. ಕಾರಣ ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳೋ ಅಮೋನಿಯ, ಮಳೆಗಾಲದ ತೇವ, ಜೊತೆಗೆ ತೋಟೆ ಮಾಡುವಾಗ ಲೋಹವನ್ನು ಎಳೆದು ಒತ್ತಿದ್ದರಿಂದ ಒಳಗೇ ಉಳಿದ ಬಿಗುವು. ಅಮೋನಿಯ ತಾಮ್ರವನ್ನು ಕರಗಿಸಿ ಲೋಹದ ಹರಳುಗಳ ಸಂದಿಯಲ್ಲಿ ದಾರಿ ಮಾಡ್ತದೆ, ಬಿಗುವು ಆ ದಾರಿಯನ್ನು ಎಳೆದು ಅಗಲ ಮಾಡ್ತದೆ. ಮೂರರಲ್ಲಿ ಒಂದು ಇಲ್ಲದಿದ್ರೂ ಬಿರುಕಿಲ್ಲ. ಅಮೋನಿಯವನ್ನು, ಮಳೆಯನ್ನು ತಡೀಲಿಕ್ಕಾಗದವರು ಬಿಗುವನ್ನು ತೆಗೆದ್ರು, ಹದವಾಗಿ ಕಾಯಿಸಿ. ಇವತ್ತಿಗೂ ಮಿಲಿಟರಿ ತೋಟೆಗಳ ಕತ್ತಿನಲ್ಲಿ ಆ ಬೆಂಕಿಯ ನೀಲಿ-ಕಂದು ಛಾಯೆ ಕಾಣ್ತದೆ.

ಲಾಯದ ಜಾಗದಲ್ಲಿ ಹಟ್ಟಿ ಇಡಿ, ಕುದುರೆ ಜಾಗದಲ್ಲಿ ನಮ್ಮ ಗೌರಿ, ಮಳೆಯಂತೂ ನಮ್ಮ ಕರಾವಳಿಯದ್ದೇ. ಕೊಡಪಾನ ಯಂತ್ರದಲ್ಲಿ ಒತ್ತಿದ ಅಗ್ಗದ ಮಾಲು, ಬಿಗುವು ಹೆಚ್ಚು ಉಳಿಯೋದು ಕತ್ತು ಭುಜ ಸೇರೋ ಜಾಗದಲ್ಲೇ.

ಊರಿಗೆ ಬಂದು ಅಮ್ಮನಿಗೆ ಇದೆಲ್ಲ ಹೇಳಿದೆ, ಜಮಖಾನ, ಕಲ್ಸಂಕ, ಬ್ರಿಟಿಷರ ಕುದುರೆ ಸಮೇತ. ಪೂರ್ತಿ ಕೇಳಿಸಿಕೊಂಡ್ರು. "ಹಾಗಾದ್ರೆ ಅದನ್ನು ಹಟ್ಟಿಗೆ ಹಾಕಿದ್ದು ಯಾರು ಕೇಳು, ನಿನ್ನ ಅಪ್ಪ" ಅಂದ್ರು. ಕೊಡಪಾನಕ್ಕೆ ಈಗ ಮಣ್ಣು ತುಂಬಿಸಿ ಅಂಗಳದಲ್ಲಿ ಇಟ್ಟಿದ್ದಾರೆ, ಮಲ್ಲಿಗೆ ಬಳ್ಳಿ ಉಂಟು, ಹೆಚ್ಚಾದ ನೀರು ಸೀಳಿನಲ್ಲಿ ಬಸಿದು ಹೋಗ್ತದೆ.