ಮೆಟ್ಟುಗತ್ತಿ ಮುಂದೆ ಕೂತ ಮಿದುಳು

ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆ. ಹುಡುಗ ಸೋಮಾರಿಯಾದರೆ ನಮ್ಮ ಕಡೆ ಮೊದಲು ಜಾತಕ ತೆಗೆಯುತ್ತಾರೆ. ಶನಿ ಎಲ್ಲಿದ್ದಾನೆ ಅಂತ ನೋಡುತ್ತಾರೆ, ಹುಡುಗ ರಾತ್ರಿ ಎಷ್ಟು ಹೊತ್ತು ಮೊಬೈಲ್ ಹಿಡಿದಿರುತ್ತಾನೆ ಅಂತ ನೋಡುವುದಿಲ್ಲ. ಸ್ವಭಾವದಲ್ಲಿ ಹುಟ್ಟಿನ ಪಾಲಿದೆ, ಒಪ್ಪೋಣ. ಆದರೆ ದಿನಾ ಮಾಡಿದ ಕೆಲಸ ಮಿದುಳಿನ ನಡವಳಿಕೆಯನ್ನೇ ಬದಲಿಸುತ್ತದೆ. ಅದನ್ನು ಅಳೆದು ನೋಡಿದವರೂ ಇದ್ದಾರೆ.

ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಸುಲಿಗೆ ನೋಡಿರುತ್ತೀರಿ. ರಾತ್ರಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ, ಸಿಪ್ಪೆ ಬಿಡಿಸಿ, ಬುಟ್ಟಿಗೆ ಹಾಕುವುದು ಕೈ. ಬಾಯಿ ಮಾತ್ರ ಊರಿನ ಸುದ್ದಿಯಲ್ಲಿ. ಹೊಸಬರು ಕೂತರೆ ಮಾತೇ ಇಲ್ಲ. ಬೆರಳು ಉಳಿಸಿಕೊಂಡರೆ ಸಾಕಾಗಿರುತ್ತದೆ!

ಹಳಬರ ಕೈಗೆ ಈ ಸಲೀಸು ಬರುವುದರಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ಕೈವಾಡ ಜಾಸ್ತಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನಿ ಆ್ಯನ್ ಗ್ರೇಬಿಯಲ್ ತಂಡ ಇಲಿಗಳನ್ನು ಇಂಗ್ಲಿಷಿನ ಟಿ ಆಕಾರದ ದಾರಿಯಲ್ಲಿ ಓಡಿಸಿತು. ಒಂದು ಸದ್ದು ಕೇಳಿದರೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ. ಸರಿಯಾಗಿ ತಿರುಗಿದರೆ ತುದಿಯಲ್ಲಿ ತಿನಿಸು. ಮೊದಮೊದಲು ಈ ಭಾಗದ ನರಕೋಶಗಳು ಓಟದುದ್ದಕ್ಕೂ ಮಿಡಿಯುತ್ತಿದ್ದವು. ಓಡಿ ಓಡಿ ರೂಢಿಯಾದ ಮೇಲೆ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಜೋರು. ನಡುವೆ ಬಹುಪಾಲು ಮೌನ. ಇಡೀ ಓಟ ಒಂದೇ ಗಂಟಾಗಿತ್ತು, ಓಟ ಶುರುವಾದರೆ ತಾನೇ ಬಿಚ್ಚಿಕೊಳ್ಳುವ ಗಂಟು. ಆಮೇಲೆ ತಿನಿಸು ನಿಲ್ಲಿಸಿದರು, ಆ ಮಿಡಿತ ಮರೆಯಾಯಿತು. ಮತ್ತೆ ಕೊಟ್ಟಾಗ ಹಳೆಯ ಮಿಡಿತ ಬೇಗನೆ ವಾಪಸ್ ಬಂತು. 2005ರಲ್ಲಿ ಇದು ಪ್ರಕಟವಾಯಿತು. ಬಿಟ್ಟ ಗುಟ್ಕಾ ಒಂದು ಮದುವೆ ಮನೆಯಲ್ಲಿ ಮತ್ತೆ ಬಾಯಿಗೆ ಬರುವುದು ಯಾಕೆ ಅನ್ನುವುದಕ್ಕೆ ಇಲ್ಲೊಂದು ಸುಳಿವಿದೆ ಅಲ್ವಾ? ಒಳ್ಳೆಯ ಚಾಳಿ, ಕೆಟ್ಟ ಚಾಳಿ ಅಂತ ಈ ಭಾಗ ಭೇದ ಮಾಡುವುದಿಲ್ಲ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತಿಗೂ ಒಂದು ಕಥೆಯಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು ಇಷ್ಟೇ: ಮುಖಕ್ಕೆ ಶಸ್ತ್ರಚಿಕಿತ್ಸೆ ಆದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು. ‘ಕಡಿಮೆಯೆಂದರೂ’ ಬಿದ್ದುಹೋಗಿ ಅಂಕಿ ಮಾತ್ರ ಉಳಿಯಿತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ತಂಡ 96 ಜನರನ್ನು 12 ವಾರ ಗಮನಿಸಿತು. ಊಟದ ಜೊತೆ ಹಣ್ಣು, ರಾತ್ರಿ ಊಟಕ್ಕೆ ಮುಂಚೆ ಓಟ, ಇಂಥ ಸಣ್ಣ ಕೆಲಸಗಳು. ತಾನಾಗಿ ಆಗುವ ಮಟ್ಟಕ್ಕೆ ಬರಲು ನಡುವಿನ ಅಂಕಿ 66 ದಿನ. 12 ವಾರದಾಚೆಗೂ ಅಂದಾಜು ಲೆಕ್ಕ ಹಾಕಿದಾಗ ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ಹೋಯಿತು. ನಡುವೆ ಒಂದು ದಿನ ತಪ್ಪಿದವರಿಗೆ ಹೇಳಿಕೊಳ್ಳುವ ನಷ್ಟವೇನೂ ಆಗಲಿಲ್ಲ. ನಾವಾದರೋ ವ್ರತಭಂಗ ಆಯ್ತು ಅಂತ ಇಡೀ ಕೆಲಸವನ್ನೇ ಕೈಬಿಡುತ್ತೇವೆ.

ಇನ್ನು ಯಶಸ್ಸಿನ ಮಾತು. ಕಾದರೆ ಇನ್ನೊಂದು ಸಿಹಿ ಕೊಡುತ್ತೇವೆ ಅಂದಾಗ ಎದುರಿನ ಸಿಹಿ ತಿನ್ನದೆ ಕಾದ ಮಗು ಮುಂದೆ ಗೆಲ್ಲುತ್ತದೆ ಅಂತ ಭಾಷಣಗಳಲ್ಲಿ ಕೇಳಿರುತ್ತೀರಿ. 2018ರಲ್ಲಿ ಹೆಚ್ಚು ಮಕ್ಕಳನ್ನಿಟ್ಟುಕೊಂಡು ನೋಡಿದಾಗ, ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತಗೊಂಡ ಮೇಲೆ ಆ ನಂಟು ಬಹಳ ತೆಳುವಾಯಿತು. ನನಗೆ ಹೆಚ್ಚು ಹಿಡಿಸಿದ್ದು 2013ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದ ಪುಟ್ಟ ಪ್ರಯೋಗ. ಒಳ್ಳೆಯ ಬಣ್ಣ, ಸ್ಟಿಕರ್ ತರುತ್ತೇನೆ ಅಂತ ಮಕ್ಕಳಿಗೆ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಬಳಿ ಬರಿಗೈಲಿ ಬಂದರು. ಆಮೇಲೆ ಎಲ್ಲರ ಮುಂದೆ ಸಿಹಿ ಇಟ್ಟು, ಕಾದರೆ ಇನ್ನೊಂದು ಅಂತ ಹೇಳಿ ಕಾಯಿಸಿದರು. ಕೊಟ್ಟ ಮಾತು ನಡೆದದ್ದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಉಳಿದವರು ಸುಮಾರು 3 ನಿಮಿಷ. ಅವರಿಗೆ ತಾಳ್ಮೆ ಇರಲಿಲ್ಲ ಅಂತ ಹೇಗೆ ಹೇಳುವುದು? ಮಾತು ತಪ್ಪಿದ ದೊಡ್ಡವರನ್ನು ನಂಬಿ ಕೂರುವುದಕ್ಕಿಂತ ತಿಂದುಬಿಡುವುದೇ ಸರಿಯಾದ ಲೆಕ್ಕವಾಗಿತ್ತು.