ಡ್ರೈವರ್ ಯಾವ ತಪ್ಪನ್ನು ಮನ್ನಿಸುತ್ತದೆ, ಯಾವುದನ್ನು ಮನ್ನಿಸುವುದಿಲ್ಲ

ಗಾಲ್ಫಿನಲ್ಲಿ ಚೆಂಡನ್ನು ಅತಿ ದೂರ ಹೊಡೆಯಲು ಬಳಸುವ ಕೋಲಿಗೆ ಡ್ರೈವರ್ ಅನ್ನುತ್ತಾರೆ. ಅದರ ಮುಖ ಚೆಂಡಿಗೆ ತಾಗಿಕೊಂಡಿರುವುದು ಎಷ್ಟು ಹೊತ್ತು ಗೊತ್ತಾ? ಒಂದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಹೆಚ್ಚುಕಮ್ಮಿ ಅದರಲ್ಲಿ ಒಂದು ಪಾಲು. ಚೆಂಡು ಎಷ್ಟು ವೇಗವಾಗಿ ಹೋಗಬೇಕು, ಎಷ್ಟು ಎತ್ತರಕ್ಕೆ ಏರಬೇಕು, ಯಾವ ಕಡೆಗೆ ಬಾಗಬೇಕು ಅನ್ನುವುದೆಲ್ಲ ಅಷ್ಟರೊಳಗೆ ತೀರ್ಮಾನವಾಗಿಬಿಡುತ್ತದೆ. ಕಂಪನಿಗಳು ‘ಫರ್ಗಿವಿಂಗ್’ ಅಂತ ಹೆಸರಿಟ್ಟು ಮಾರುವ ಡ್ರೈವರುಗಳು ನಮ್ಮ ತಪ್ಪನ್ನು ಮನ್ನಿಸುವುದಾದರೆ ಅಷ್ಟು ಹೊತ್ತಿನಲ್ಲೇ ಮನ್ನಿಸಬೇಕು.

ಹಾಗೆ ಮನ್ನಿಸುವುದು ನಿಜ. ಆದರೆ ಒಂದು ಬಗೆಯ ತಪ್ಪನ್ನು ಮಾತ್ರ. ವಾರಕ್ಕೊಮ್ಮೆ, ತಿಂಗಳಿಗೆರಡು ಸಲ ಆಡುವವರು ದುಡ್ಡು ಹಾಕುವ ಮೊದಲು ಇದನ್ನು ತಿಳಿದುಕೊಂಡರೆ ತುಂಬಾ ಒಳ್ಳೆಯದು.

ಡ್ರೈವರಿನ ತಲೆ ಸುಮಾರು 200 ಗ್ರಾಂ ತೂಗುತ್ತದೆ. ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಮುಖದ ನಟ್ಟನಡುವೆ ತಾಗಿದರೆ ತಲೆಯ ಪೂರ್ತಿ ತೂಕ ಚೆಂಡಿನ ಹಿಂದೆ ನಿಲ್ಲುತ್ತದೆ. ಎರಡು ಸೆಂಟಿಮೀಟರ್ ಆಚೆ, ಅಂದರೆ ಟೋ ಕಡೆ (ಹಿಡಿಕೆಯ ದಂಡದಿಂದ ದೂರದ ತುದಿಯ ಕಡೆ) ತಾಗಿದರೆ ಹಾಗಾಗುವುದಿಲ್ಲ. ತಲೆ ತನ್ನ ಗುರುತ್ವ ಕೇಂದ್ರದ ಸುತ್ತ ತಿರುಚಿಕೊಳ್ಳುತ್ತದೆ. ಚೆಂಡಿಗೆ ಸಿಗಬೇಕಾದ ಶಕ್ತಿ ಸ್ವಲ್ಪ ಆ ತಿರುಚಾಟಕ್ಕೆ ಹೋಗುತ್ತದೆ, ಮುಖವೂ ಬೇರೆ ದಿಕ್ಕಿಗೆ ತೆರೆದುಕೊಳ್ಳುತ್ತದೆ.

ಈ ತಿರುಚಾಟವನ್ನು ತಡೆಯುವ ಗುಣಕ್ಕೆ ಮೊಮೆಂಟ್ ಆಫ್ ಇನರ್ಷಿಯಾ, ಚಿಕ್ಕದಾಗಿ ಎಂಒಐ, ಅನ್ನುತ್ತಾರೆ. ಜಾತ್ರೆಯಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿಯ ಕೈಯಲ್ಲಿ ಉದ್ದನೆಯ ಬಿದಿರು ಗಳ ಇರುತ್ತದಲ್ಲ, ಅದರ ಕೆಲಸ ಇದೇ. ಅಷ್ಟೇ ತೂಕದ ಗಿಡ್ಡ ಕೋಲು ಕೊಟ್ಟರೆ ಅವಳಿಗೆ ಉಪಯೋಗವಿಲ್ಲ. ತೂಕ ನಡುವಿನಿಂದ ದೂರ ಇದ್ದಷ್ಟೂ ಅದನ್ನು ತಿರುಗಿಸುವುದು ಕಷ್ಟ. ದೂರ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ.

ಹಳೆಯ ಡ್ರೈವರುಗಳಿಗೆ ಈ ಅನುಕೂಲ ಇರಲಿಲ್ಲ. ಅವು ಪರ್ಸಿಮನ್ ಮರದ ಗಟ್ಟಿ ತುಂಡುಗಳು, ತೂಕವೆಲ್ಲ ನಡುವೆಯೇ. ಅಮೆರಿಕದಲ್ಲಿ ಗ್ಯಾರಿ ಆಡಮ್ಸ್ 1979ರಲ್ಲಿ ಟೇಲರ್‌ಮೇಡ್ ಕಂಪನಿ ಶುರುಮಾಡಿ ಟೊಳ್ಳು ಉಕ್ಕಿನ ಡ್ರೈವರ್ ತಂದರು. 1991ರಲ್ಲಿ ಕ್ಯಾಲವೇ ಕಂಪನಿಯ ಬಿಗ್ ಬರ್ತಾ ಬಂತು. ಅದರ ಗಾತ್ರ 190 ಸಿಸಿ. ಆಗ ಜನ ಅದನ್ನೇ ದೈತ್ಯ ಅಂದುಕೊಂಡಿದ್ದರು! ನಂತರ ಟೈಟಾನಿಯಂ ಬಂದು ಆಟವೇ ಬದಲಾಯಿತು. ಇವತ್ತಿನ 460 ಸಿಸಿ ತಲೆಯಲ್ಲಿ ಮೇಲಿನ ಹೊದಿಕೆ ಒಂದು ಮಿಲಿಮೀಟರಿಗಿಂತ ತೆಳು. ಹಾಗೆ ಉಳಿಸಿದ ಗ್ರಾಂಗಳನ್ನು ಟಂಗ್‌ಸ್ಟನ್ ತುಂಡು ಮಾಡಿ ಹಿಂದಿನ ಅಂಚಿಗೆ ಕೂರಿಸುತ್ತಾರೆ. ತೂಕವನ್ನು ಅಂಚಿಗೆ ತಳ್ಳುವ ಈ ಉಪಾಯವನ್ನು ಗಾಲ್ಫಿನಲ್ಲಿ ಜನಪ್ರಿಯ ಮಾಡಿದವರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಆಗಿದ್ದವರು. 1959ರಲ್ಲಿ ಮೊದಲು ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕೋಲು) ಮೇಲೆ ಅದನ್ನು ಪ್ರಯೋಗಿಸಿದರು. ಪಿಂಗ್ ಕಂಪನಿ ಹುಟ್ಟಿದ್ದು ಆ ಪಟರಿನಿಂದ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಪಿಯುಸಿ ಫಿಸಿಕ್ಸಿನ ಡಿಕ್ಕಿಯ ಸೂತ್ರವೇ ಸಾಕು. ಸಾಧಾರಣ ಆಟಗಾರ ಡ್ರೈವರನ್ನು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬೀಸುತ್ತಾನೆ ಅಂತಿಟ್ಟುಕೊಳ್ಳಿ. ನಡುವೆ ತಾಗಿದರೆ ಚೆಂಡು ಸುಮಾರು 223 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡು ಸೆಂಟಿಮೀಟರ್ ಆಚೆ ತಾಗಿದರೆ? ಎಂಒಐ 2000 (ಗ್ರಾಂ-ಚದರ ಸೆಂಟಿಮೀಟರ್ ಲೆಕ್ಕದಲ್ಲಿ) ಇರುವ ಹಳೇ ಮಾದರಿಯ ತಲೆಯಲ್ಲಿ ವೇಗ 208ಕ್ಕೆ ಇಳಿಯುತ್ತದೆ. 5000 ಇರುವ ಈಗಿನ ತಲೆಯಲ್ಲಿ 217ಕ್ಕೆ. ಮುಖ ತಿರುಚುವುದೂ ಹಾಗೆಯೇ. ಚೆಂಡು ಬಿಟ್ಟು ಹೋಗುವಷ್ಟರಲ್ಲಿ ಹಳೆಯದು ಮೂರು ಡಿಗ್ರಿಗಿಂತ ಜಾಸ್ತಿ ತಿರುಗಿರುತ್ತದೆ, ಹೊಸದು ಒಂದೂವರೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಇದು ದೊಡ್ಡ ಲಾಭ, ಅನುಮಾನವೇ ಇಲ್ಲ.

ಆದರೆ ಮುಂದಿನ ಹೆಜ್ಜೆ ನೋಡಿ. ಗಾಲ್ಫಿನ ನಿಯಮ ರೂಪಿಸುವ ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಸಂಸ್ಥೆಗಳು ಎಂಒಐಗೆ 5900 ಅಂತ ಮಿತಿ ಹಾಕಿವೆ (ಅಳತೆಯ ತಪ್ಪಿಗೆ ಇನ್ನು 100 ಬಿಟ್ಟಿವೆ). ಆ ಮಿತಿಯ ತಲೆಯನ್ನೇ ಕೊಂಡರೂ ಅದೇ ಹೊಡೆತದಲ್ಲಿ ಚೆಂಡಿನ ವೇಗ 217ರ ಬದಲು 218. ಗಂಟೆಗೆ ಒಂದೇ ಕಿಲೋಮೀಟರ್! ಮರದಿಂದ ಟೈಟಾನಿಯಂಗೆ ಬರುವಾಗ ಸಿಗಬೇಕಾದ್ದರಲ್ಲಿ ಬಹುಪಾಲು ಸಿಕ್ಕಾಗಿದೆ. ಉಳಿದಿರುವುದು ತೀರಾ ಚೂರು. ಅದಕ್ಕೇ ಪ್ರತಿ ವರ್ಷ ಹೊಸ ಮಾದರಿಗೆ ಓಡಬೇಕಾಗಿಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2024ರಲ್ಲಿ ಪಿಂಗ್, ಟೇಲರ್‌ಮೇಡ್ ಎರಡೂ ‘10ಕೆ’ ಅಂತ ಡ್ರೈವರ್ ತಂದವು. ಆ ಹತ್ತು ಸಾವಿರ ಎರಡು ಸಂಖ್ಯೆಗಳನ್ನು ಕೂಡಿಸಿದ್ದು: ಎಡ-ಬಲಕ್ಕೆ ತಿರುಚುವುದರ ತಡೆ ಒಂದು, ಮೇಲೆ-ಕೆಳಗೆ ತಿರುಚುವುದರ ತಡೆ ಇನ್ನೊಂದು. ಒಳ್ಳೆಯ ಡ್ರೈವರುಗಳೇ, ಆದರೆ ಹಿಂದಿನವಕ್ಕಿಂತ ಎರಡು ಪಟ್ಟು ಅಲ್ಲ.

ಡ್ರೈವರ್ ಮುಖದಲ್ಲಿ ಇನ್ನೊಂದು ಜಾಣತನ ಅಡಗಿದೆ. ನಿಮ್ಮ ಡ್ರೈವರಿನ ಮುಖಕ್ಕೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು ನೋಡಿ. ನಡುವೆ ತಾಗುತ್ತದೆ, ಎರಡು ತುದಿಯಲ್ಲೂ ಸಂದು ಕಾಣುತ್ತದೆ. ಮುಖ ಚಪ್ಪಟೆಯಲ್ಲ, ಸ್ವಲ್ಪ ಉಬ್ಬಿದೆ. ಬಲಗೈ ಆಟಗಾರ ಟೋ ಕಡೆ ಹೊಡೆದಾಗ ಈ ಉಬ್ಬು ಚೆಂಡನ್ನು ಬಲಕ್ಕೆ ಕಳಿಸುತ್ತದೆ. ಅದೇ ಹೊತ್ತಿಗೆ ತಲೆ ತಿರುಚಿ, ಮುಖ ಚೆಂಡನ್ನು ಉಜ್ಜುತ್ತದೆ. ಕಚ್ಚಿಕೊಂಡ ಗೇರುಗಳು ಒಂದಕ್ಕೊಂದು ವಿರುದ್ಧ ತಿರುಗುವ ಹಾಗೆ ಚೆಂಡು ತಲೆಗೆ ವಿರುದ್ಧವಾಗಿ ತಿರುಗತೊಡಗುತ್ತದೆ. ಆ ತಿರುಗುವಿಕೆ ಅದನ್ನು ಗಾಳಿಯಲ್ಲಿ ಎಡಕ್ಕೆ ಬಾಗಿಸಿ ಮತ್ತೆ ಫೇರ್‌ವೇ, ಅಂದರೆ ಹುಲ್ಲು ಕತ್ತರಿಸಿದ ನಡುದಾರಿಯ, ಕಡೆಗೆ ತರುತ್ತದೆ. ಹೀಲ್ ಕಡೆ (ದಂಡಕ್ಕೆ ಹತ್ತಿರದ ತುದಿಯ ಕಡೆ) ಹೊಡೆದರೆ ಇದೇ ಕಥೆ ತಿರುವುಮುರುವು. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕುವ ಹಾಗೆ ಯಾರೋ ಕೂತು ಅಳತೆ ಮಾಡಿದ್ದಾರೆ ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಇಷ್ಟೂ ಮುಖದ ಯಾವ ಜಾಗಕ್ಕೆ ಚೆಂಡು ತಾಗಿತು ಅನ್ನುವುದರ ಮಾತು. ಮುಖ ಯಾವ ಕಡೆ ನೋಡುತ್ತಿತ್ತು ಅನ್ನುವುದು ಬೇರೆ ವಿಷಯ. ಅಲ್ಲಿ ಎಂಒಐ ಕೈಕಟ್ಟಿ ನಿಲ್ಲುತ್ತದೆ. ಮುಖ ಮೂರು ಡಿಗ್ರಿ ಬಲಕ್ಕೆ ತೆರೆದಿದ್ದು, ಚೆಂಡು ನೆಟ್ಟಗೆ ಆ ದಿಕ್ಕಿಗೇ ಹೋದರೂ 200 ಮೀಟರ್ ದೂರದಲ್ಲಿ ಹತ್ತು ಮೀಟರ್ ಬಲಕ್ಕೆ ಬೀಳುತ್ತದೆ. ಸ್ವಿಂಗ್ ಹೊರಗಿನಿಂದ ಒಳಕ್ಕೆ ಬರುತ್ತಿದ್ದರಂತೂ ಅದರ ಮೇಲೆ ಸ್ಲೈಸ್, ಅಂದರೆ ಚೆಂಡು ಗಾಳಿಯಲ್ಲಿ ಇನ್ನಷ್ಟು ಬಲಕ್ಕೆ ಬಾಗುವುದು, ಬೇರೆ. ಹೆಚ್ಚಿನವರನ್ನು ಕಾಡುವ ತಪ್ಪು ಇದೇ ಅಲ್ವಾ? ಇದಕ್ಕೆ ಮದ್ದು ಅಂತ ‘ಫರ್ಗಿವಿಂಗ್’ ತಲೆ ಕೊಂಡವರು ನಿರಾಶರಾಗುತ್ತಾರೆ.

ಸ್ಲೈಸ್ ತಗ್ಗಿಸಲು ಸ್ವಲ್ಪ ಮಟ್ಟಿಗೆ ನೆರವಾಗುವುದು ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ. ಲಾಫ್ಟ್ ಜಾಸ್ತಿಯಾದಷ್ಟೂ ಚೆಂಡು ಹಿಮ್ಮುಖವಾಗಿ ಜಾಸ್ತಿ ತಿರುಗುತ್ತದೆ. ಆಗ ಅದೇ ತಪ್ಪಿಗೆ ತಿರುಗುವ ಅಕ್ಷ ಕಡಿಮೆ ವಾಲುತ್ತದೆ, ಚೆಂಡು ಕಡಿಮೆ ಬಾಗುತ್ತದೆ. ಜತೆಗೆ, ನಿಧಾನವಾಗಿ ಬೀಸುವವರ ಚೆಂಡು ಗಾಳಿಯಲ್ಲಿ ನಿಲ್ಲುವುದಕ್ಕೂ ಲಾಫ್ಟ್ ಬೇಕು. ಗಂಟೆಗೆ 185 ಕಿಲೋಮೀಟರ್ ವೇಗದಲ್ಲಿ ಬೀಸುವ ಪಿಜಿಎ ಟೂರ್‌ನ ವೃತ್ತಿಪರ ಆಟಗಾರರ 9 ಡಿಗ್ರಿ ಡ್ರೈವರ್ ನೋಡಿ ಅದನ್ನೇ ಕೊಳ್ಳುವುದು ಬೇಡ. 10.5 ಡಿಗ್ರಿಯಿಂದ ಶುರುಮಾಡಿ, 12 ಇದ್ದರೆ ಅದನ್ನೂ ಹೊಡೆದು ನೋಡಿ. ಇನ್ನೊಂದು ಮಾತು: ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ಸ್ವಲ್ಪ ಕಡಿಮೆ ಬಾಗುತ್ತದೆ. ಮಂಗಳೂರಿಗೆ ಹೋಗಿ ಆಡಿದರೆ ಅದೇ ಸ್ಲೈಸ್ ದೊಡ್ಡದಾಗಿ ಕಾಣುತ್ತದೆ.

ದೂರವೇ ಎಲ್ಲ ಅಲ್ಲ ಅನ್ನುವುದಕ್ಕೆ ನಮ್ಮ ಬೆಂಗಳೂರಿನ ಆಟಗಾರ್ತಿ ಅದಿತಿ ಅಶೋಕ್ ಇದ್ದಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಟೀಯಿಂದ, ಅಂದರೆ ಮೊದಲ ಹೊಡೆತದಲ್ಲಿ, ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದರೂ ನಾಲ್ಕನೆಯವರಾದರು. ಪದಕದಿಂದ ಅವರು ಒಂದೇ ಒಂದು ಹೊಡೆತದಷ್ಟು ದೂರ ಉಳಿದರು. ಆ ಕೊನೆಯ ದಿನ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತವರು ಅದನ್ನು ಮರೆಯಲಾರರು.

ಶಾಫ್ಟಿನ, ಅಂದರೆ ಕೋಲಿನ ದಂಡದ, ಉದ್ದದ ಬಗ್ಗೆ ಯಾರೂ ಕೇಳುವುದೇ ಇಲ್ಲ, ಆದರೆ ನನಗೆ ಅದು ಎಂಒಐಗಿಂತ ಮುಖ್ಯ ಅನಿಸುತ್ತದೆ. ಮರದ ಡ್ರೈವರುಗಳು 43 ಇಂಚಿನ ಆಸುಪಾಸಿನಲ್ಲಿದ್ದವು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 45.5 ಇಂಚು. ಉದ್ದವಾದಷ್ಟೂ ವೇಗ ಜಾಸ್ತಿ, ಆದರೆ ನಡುವಿಗೆ ತಾಗಿಸುವುದು ಕಷ್ಟ. ಗ್ರಿಪ್ಪನ್ನು ಒಂದು ಇಂಚು ಕೆಳಗೆ ಹಿಡಿದು ಆಡಿ ನೋಡಿ. ಇದಕ್ಕೆ ಕಾಸು ಖರ್ಚಿಲ್ಲ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆಯೂ ಹೀಗೇ ಸುಲಭ. ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಮೇಲೆ ದೊಡ್ಡದೊಂದು ಚುಕ್ಕೆ ಹಾಕಿ, ಆ ಚುಕ್ಕೆ ಡ್ರೈವರ್ ಕಡೆ ಇರುವಂತೆ ಟೀ (ಚೆಂಡು ನಿಲ್ಲಿಸುವ ಪುಟ್ಟ ಗೂಟ) ಮೇಲಿಟ್ಟು ಹೊಡೆಯಿರಿ. ಮುಖದ ಮೇಲೆ ಗುರುತು ಮೂಡುತ್ತದೆ. ಅಭ್ಯಾಸದ ರೇಂಜಿನಲ್ಲಿ ಹತ್ತು ಚೆಂಡು ಹೀಗೆ ಹೊಡೆದರೆ ನಿಮ್ಮ ತಪ್ಪಿನ ನಕ್ಷೆಯೇ ಸಿಗುತ್ತದೆ. ಗುರುತುಗಳು ಟೋದಿಂದ ಹೀಲಿನವರೆಗೆ ಚದುರಿದ್ದರೆ ಎಂಒಐ ಜಾಸ್ತಿ ಇರುವ ತಲೆ ನಿಮಗೆ ನಿಜವಾಗಿ ಕೆಲಸ ಮಾಡುತ್ತದೆ. ಎಲ್ಲ ಒಂದೇ ಕಡೆ ಗುಂಪಾಗಿದ್ದರೆ ನಿಲ್ಲುವ ದೂರವನ್ನೋ ಶಾಫ್ಟಿನ ಉದ್ದವನ್ನೋ ಸರಿಮಾಡಬೇಕು. ಗುರುತು ನಡುವೆಯೇ ಬಿದ್ದು ಚೆಂಡು ಮಾತ್ರ ಬಲಕ್ಕೆ ಹಾರುತ್ತಿದ್ದರೆ ಆ ದುಡ್ಡನ್ನು ಕೋಚ್‌ಗೆ ಕೊಡಿ.

ಸೆಕೆಂಡ್ ಹ್ಯಾಂಡ್ ಡ್ರೈವರಿಗೂ ಹೆದರಬೇಕಾಗಿಲ್ಲ. ಮುಖದ ಚಿಮ್ಮುವಿಕೆ, ಗಾತ್ರ, ಎಂಒಐ ಮೂರಕ್ಕೂ 2006ರ ಹೊತ್ತಿಗೇ ಮಿತಿ ಬಿದ್ದಿದೆ. ಐದಾರು ವರ್ಷದ ಹಿಂದಿನ ಒಳ್ಳೆಯ ತಲೆ ಇವತ್ತಿನದಕ್ಕಿಂತ ತುಂಬಾ ಹಿಂದೆ ಇರುವುದಿಲ್ಲ. ಅಂಗಡಿಯಲ್ಲಿ ಲಾಂಚ್ ಮಾನಿಟರ್ (ಹೊಡೆತದ ವೇಗ, ದಿಕ್ಕು ಅಳೆಯುವ ಯಂತ್ರ) ಮುಂದೆ ಹೊಡೆದು ನೋಡುವಾಗ ಪರದೆಯ ಮೇಲೆ ಬರುವ ಅತಿ ದೂರದ ಹೊಡೆತಕ್ಕೆ ಮಾರುಹೋಗಬೇಡಿ. ಎರಡು ಡ್ರೈವರಿನಲ್ಲೂ ಹತ್ತತ್ತು ಹೊಡೆದು, ಒಂದನ್ನೂ ಅಳಿಸದೆ ಇಟ್ಟುಕೊಳ್ಳಲು ಹೇಳಿ. ಆಮೇಲೆ ಎರಡರಲ್ಲೂ ತೀರಾ ಕೆಟ್ಟದಾಗಿ ಹೋದ ಮೂರು ಮೂರು ಹೊಡೆತ ಪಕ್ಕಪಕ್ಕ ಇಟ್ಟು ನೋಡಿ, ಯಾವುದರಲ್ಲಿ ಆ ಮೂರು ಫೇರ್‌ವೇಗೆ ಹತ್ತಿರ ಬಿದ್ದಿವೆಯೋ ಅದನ್ನು ಕೊಳ್ಳಿ.